ಸುದ್ದಿಯೂ ನಮ್ಮ ಅಭಿಪ್ರಾಯವೂ: ಓದುಗರ ಪ್ರಶ್ನೆಗಳಿಗೆ ಉತ್ತರ

ಸುದ್ದಿ ಮಾಧ್ಯಮಗಳು ಜನಾಭಿಪ್ರಾಯವನ್ನು ರೂಪಿಸುವ ಬಗೆಯನ್ನು ಕುರಿತು ಈ ಸಂಚಿಕೆಗೆ ಪ್ರಶ್ನೆಗಳನ್ನು ಆಹ್ವಾನಿಸಲಾಗಿತ್ತು. ಬಂದ ಪತ್ರಗಳಲ್ಲಿ ಪ್ರಶ್ನೆಗಿಂತ ದೂರೇ ಹೆಚ್ಚು. ಮಾಧ್ಯಮಗಳು ‘ಜನರನ್ನು’ ದಾರಿ ತಪ್ಪಿಸುತ್ತಿವೆ ಎಂದು ಬರೆದವರು ಅನೇಕರಿದ್ದರು. ತಮ್ಮನ್ನು ತಪ್ಪಿಸಿದವು ಎಂದು ಬರೆದವರು ಇಲ್ಲವೆನ್ನುವಷ್ಟು ಕಡಿಮೆ. ಈ ವ್ಯತ್ಯಾಸಕ್ಕೂ ಮನೋವಿಜ್ಞಾನದಲ್ಲಿ ವಿವರಣೆಯಿದೆ, ಅದು ಮುಂದೆ ಬರುತ್ತದೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಹೆಸರುಗಳನ್ನು ಬಿಟ್ಟು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ದಿನವೂ ಎರಡು ಪತ್ರಿಕೆ ಓದುತ್ತೇನೆ, ರಾತ್ರಿ ಸುದ್ದಿವಾಹಿನಿ ನೋಡುತ್ತೇನೆ. ಆದರೂ ನನ್ನ ರಾಜಕೀಯ ನಿಲುವು ಇಪ್ಪತ್ತು ವರ್ಷಗಳಿಂದ ಬದಲಾಗಿಲ್ಲ. ಮಾಧ್ಯಮಗಳು ಜನರ ಅಭಿಪ್ರಾಯವನ್ನು ಬದಲಿಸುತ್ತವೆ ಎಂಬುದು ಉತ್ಪ್ರೇಕ್ಷೆಯಲ್ಲವೇ?

ಉತ್ತರ: ನಿಮ್ಮ ಅನುಮಾನಕ್ಕೆ ಹಳೆಯದೂ ಗಟ್ಟಿಯೂ ಆದ ಆಧಾರವಿದೆ. 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಓಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ 600 ಮತದಾರರನ್ನು ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮತ್ತೆ ಮತ್ತೆ ಸಂದರ್ಶಿಸಿದರು. ಪತ್ರಿಕೆ ಮತ್ತು ರೇಡಿಯೊಗಳ ಪ್ರಚಾರ ಮತದಾರರ ಮನಸ್ಸನ್ನು ಹೇಗೆ ತಿರುಗಿಸುತ್ತದೆ ಎಂದು ನೋಡಹೊರಟವರಿಗೆ ಕಂಡದ್ದು ಬಹುಮಟ್ಟಿಗೆ ತಿರುಗದ ಮನಸ್ಸುಗಳು. ಒಂದು ಪಕ್ಷವನ್ನು ಬಿಟ್ಟು ಇನ್ನೊಂದಕ್ಕೆ ಪೂರ್ತಿ ಹೋದವರು ಸುಮಾರು ಶೇ 8ರಷ್ಟು ಮಾತ್ರ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಪ್ರಚಾರವು ಮೊದಲೇ ಇದ್ದ ಒಲವನ್ನು ಇನ್ನಷ್ಟು ಬಲಪಡಿಸಿತ್ತು. ಎಷ್ಟೋ ಜನರಿಗೆ ಸುದ್ದಿ ನೇರವಾಗಿ ತಲುಪದೆ, ಹೆಚ್ಚು ಓದುವ, ಹೆಚ್ಚು ಮಾತನಾಡುವ ಪರಿಚಿತರ ಬಾಯಿಂದ ಬರುತ್ತದೆ ಎಂಬುದೂ ಅಲ್ಲಿಯೇ ಗೊತ್ತಾಯಿತು.

ಆದರೆ ನಿಲುವು ಬದಲಾಗದ ಮಾತ್ರಕ್ಕೆ ಪರಿಣಾಮವೇ ಆಗಿಲ್ಲ ಎನ್ನಲಾಗದು. 1968ರ ಚುನಾವಣೆಯ ಸಮಯದಲ್ಲಿ ಮ್ಯಾಕ್ಸ್‌ವೆಲ್ ಮೆಕಾಂಬ್ಸ್ ಮತ್ತು ಡೊನಾಲ್ಡ್ ಶಾ ಎಂಬ ಇಬ್ಬರು ಸಂಶೋಧಕರು ಚಾಪೆಲ್ ಹಿಲ್ ಪಟ್ಟಣದಲ್ಲಿ, ಯಾರಿಗೆ ಮತ ಹಾಕಬೇಕೆಂದು ಇನ್ನೂ ನಿರ್ಧರಿಸದ 100 ಮತದಾರರ ಮುಂದೆ ಬೇರೆಯೇ ಪ್ರಶ್ನೆಯನ್ನಿಟ್ಟರು: ದೇಶದ ಮುಖ್ಯ ಸಮಸ್ಯೆಗಳು ಯಾವುವು? ಅವರು ಕೊಟ್ಟ ಪಟ್ಟಿಯನ್ನು, ಅದೇ ಅವಧಿಯಲ್ಲಿ ಪತ್ರಿಕೆ ಮತ್ತು ಟಿವಿಗಳು ಯಾವ ವಿಷಯಕ್ಕೆ ಎಷ್ಟು ಜಾಗ ಕೊಟ್ಟಿದ್ದವು ಎಂಬ ಲೆಕ್ಕದೊಡನೆ ಹೋಲಿಸಿದಾಗ ಎರಡರ ಕ್ರಮಾಂಕಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದವು. 1972ರಲ್ಲಿ ಪ್ರಕಟವಾದ ಈ ಅಧ್ಯಯನದಿಂದಲೇ ‘ಕಾರ್ಯಸೂಚಿ ನಿರ್ಧಾರ’ ಎಂಬ ಸಿದ್ಧಾಂತ, ಅಂದರೆ ಜನ ಯಾವ ವಿಷಯವನ್ನು ಮುಖ್ಯವೆಂದು ಎಣಿಸಬೇಕೆಂಬುದನ್ನು ಮಾಧ್ಯಮಗಳು ಗೊತ್ತುಮಾಡುತ್ತವೆ ಎಂಬ ವಿಚಾರ, ಬೆಳೆಯಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಜನರ ಆಸಕ್ತಿಯನ್ನು ನೋಡಿಯೇ ಪತ್ರಿಕೆಗಳು ಬರೆದಿರಬಾರದೇಕೆ? ಅದನ್ನು ಪರೀಕ್ಷಿಸಲು 1980ರ ಕೊನೆ ಮತ್ತು 1981ರ ಆರಂಭದಲ್ಲಿ ಶಾಂತೊ ಅಯ್ಯಂಗಾರ್, ಡೊನಾಲ್ಡ್ ಕಿಂಡರ್ ಮತ್ತು ಸಂಗಡಿಗರು ನ್ಯೂ ಹೇವನ್ ನಗರದ ಸಾಮಾನ್ಯ ನಿವಾಸಿಗಳನ್ನು ವಾರವಿಡೀ ಕರೆಸಿ, ಹಿಂದಿನ ದಿನದ ಸಂಜೆಯ ವಾರ್ತೆಯೆಂದು ಹೇಳಿ ಟಿವಿ ಸುದ್ದಿ ತೋರಿಸಿದರು. ಅದು ನಿಜವಾದ ವಾರ್ತೆಯೇ, ಆದರೆ ನಡುವೆ ಕತ್ತರಿ ಆಡಿತ್ತು: ಒಂದು ಗುಂಪಿನವರ ವಾರ್ತೆಯಲ್ಲಿ ರಕ್ಷಣಾ ವ್ಯವಸ್ಥೆಯ ದೌರ್ಬಲ್ಯದ ವರದಿಗಳನ್ನೂ ಇನ್ನೊಂದರಲ್ಲಿ ಮಾಲಿನ್ಯದ ವರದಿಗಳನ್ನೂ ದಿನಕ್ಕಿಷ್ಟರಂತೆ ಸೇರಿಸಲಾಗಿತ್ತು. ವಾರದ ಕೊನೆಗೆ ಆಯಾ ಗುಂಪಿನವರಿಗೆ ತಾವು ನೋಡಿದ ಸಮಸ್ಯೆಯೇ ದೇಶದ ದೊಡ್ಡ ಸಮಸ್ಯೆಗಳ ಸಾಲಿನಲ್ಲಿ ಮೇಲೆ ಬಂದಿತ್ತು. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಅಧ್ಯಕ್ಷರ ಒಟ್ಟು ಕಾರ್ಯವೈಖರಿಗೆ ಅಂಕ ಕೊಡಿ ಎಂದಾಗ, ರಕ್ಷಣೆಯ ವರದಿ ನೋಡಿದವರು ಅವರ ರಕ್ಷಣಾ ಸಾಧನೆಗೆ ಉಳಿದವರಿಗಿಂತ ಹೆಚ್ಚು ತೂಕ ಕೊಟ್ಟು ಅಳೆದರು. ಅಧ್ಯಕ್ಷರು ಒಳ್ಳೆಯವರೆಂದೋ ಕೆಟ್ಟವರೆಂದೋ ಯಾವ ವರದಿಯೂ ಹೇಳಿರಲಿಲ್ಲ. ಅಳತೆಗೋಲು ಮಾತ್ರ ಬದಲಾಗಿತ್ತು.

ನೀವು ಮತ ಹಾಕುವ ಪಕ್ಷ ಇಪ್ಪತ್ತು ವರ್ಷಗಳಿಂದ ಒಂದೇ ಇರಬಹುದು. ಆದರೆ ಕಳೆದ ತಿಂಗಳು ನೀವು ಸ್ನೇಹಿತರೊಡನೆ ಬಿಸಿಬಿಸಿಯಾಗಿ ವಾದಿಸಿದ ವಿಷಯಗಳನ್ನು ಒಂದು ಹಾಳೆಯಲ್ಲಿ ಬರೆದು, ಅವುಗಳಲ್ಲಿ ನಿಮ್ಮ ಸ್ವಂತ ಬದುಕಿನಿಂದ ಹುಟ್ಟಿದವು ಎಷ್ಟು, ಆ ವಾರದ ಮುಖಪುಟದಿಂದ ಬಂದವು ಎಷ್ಟು ಎಂದು ಗುರುತು ಹಾಕಿ ನೋಡಿ. ಮಾಧ್ಯಮದ ಪ್ರಭಾವವನ್ನು ಹುಡುಕಬೇಕಾದ ಜಾಗ ಅದು ಎಂಬುದು ನನ್ನ ಅಭಿಪ್ರಾಯ. ಮತಪೆಟ್ಟಿಗೆಯಲ್ಲೇ ಹುಡುಕಿದರೆ ನಿಮ್ಮಂತೆಯೇ ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಪ್ರಶ್ನೆ: ನಮ್ಮ ತಾಯಿಯವರು ಹಗಲೆಲ್ಲ ಅಪರಾಧ ಸುದ್ದಿಗಳನ್ನು ನೋಡುತ್ತಾರೆ. ಈಗ ಸಂಜೆಯ ಮೇಲೆ ಯಾರೂ ಹೊರಗೆ ಹೋಗಬಾರದೆನ್ನುತ್ತಾರೆ. ಕಾಲ ಕೆಟ್ಟಿದೆ ಎನ್ನುವ ಅವರ ಮಾತು ನಿಜವೋ ಅಥವಾ ಟಿವಿಯ ಪ್ರಭಾವವೋ?

ಉತ್ತರ: ಒಂದು ಸಂಗತಿ ಎಷ್ಟು ಸಲ ನಡೆಯುತ್ತದೆ ಎಂದು ಅಂದಾಜು ಮಾಡಬೇಕಾದಾಗ ಮನಸ್ಸು ಲೆಕ್ಕದ ಪುಸ್ತಕ ತೆಗೆಯುವುದಿಲ್ಲ, ಅಂಥ ಉದಾಹರಣೆಗಳು ಎಷ್ಟು ಸುಲಭವಾಗಿ ನೆನಪಿಗೆ ಬರುತ್ತವೆ ಎಂದಷ್ಟೇ ನೋಡುತ್ತದೆ. ಮನೋವಿಜ್ಞಾನಿಗಳಾದ ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1973ರಲ್ಲಿ ವಿವರಿಸಿದ ಈ ಅಡ್ಡದಾರಿ ದಿನನಿತ್ಯದ ವ್ಯವಹಾರದಲ್ಲಿ ಸಾಕಷ್ಟು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಏಕೆಂದರೆ ಹೆಚ್ಚು ನಡೆಯುವುದೇ ಹೆಚ್ಚು ನೆನಪಿರುತ್ತದೆ. ನೆನಪನ್ನು ತುಂಬುವ ಕೆಲಸ ಅನುಭವದಿಂದ ಸುದ್ದಿಗೆ ವರ್ಗವಾದಾಗ ತೊಂದರೆ ಶುರುವಾಗುತ್ತದೆ, ಏಕೆಂದರೆ ಸುದ್ದಿಯಾಗುವುದು ಅಪರೂಪದ್ದು.

1979ರಲ್ಲಿ ಬಾರ್ಬರಾ ಕೋಂಬ್ಸ್ ಮತ್ತು ಪಾಲ್ ಸ್ಲೋವಿಕ್ ಅಮೆರಿಕದ ಎರಡು ಕರಾವಳಿಗಳ ಎರಡು ದಿನಪತ್ರಿಕೆಗಳಲ್ಲಿ ಸಾವಿನ ವರದಿಗಳನ್ನು ಎಣಿಸಿ ನೋಡಿದರು. ರೋಗಗಳಿಂದ ಸಾಯುವವರು ಕೊಲೆಯಾಗುವವರಿಗಿಂತ ಸುಮಾರು ನೂರು ಪಟ್ಟು ಹೆಚ್ಚಿದ್ದರೂ, ಕೊಲೆಯ ವರದಿಗಳು ಎಲ್ಲ ರೋಗಗಳ ವರದಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಯಾವುದರಿಂದ ಎಷ್ಟು ಜನ ಸಾಯುತ್ತಾರೆ ಎಂಬ ಜನರ ಊಹೆಯೂ ಪತ್ರಿಕೆಯ ಪ್ರಮಾಣದ ಕಡೆಗೇ ವಾಲಿತ್ತು. ಆ ವರದಿಗಳಲ್ಲಿ ಒಂದೂ ಸುಳ್ಳಾಗಿರಬೇಕಾಗಿಲ್ಲ ಎಂಬುದನ್ನು ಗಮನಿಸಿ. ಒಂದೊಂದೂ ನಿಜವಾದ ವರದಿಗಳನ್ನು ಸೇರಿಸಿಯೇ ತಪ್ಪು ಚಿತ್ರವೊಂದನ್ನು ಕಟ್ಟಬಹುದು.

ನಿಮ್ಮ ತಾಯಿಯವರಿಗೆ ಆಗಿರುವುದಕ್ಕೆ ಇನ್ನೂ ಹತ್ತಿರವಾದ ವಿವರಣೆ ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್ನರ್ ಅವರದು. ಟಿವಿಯ ಮುಂದೆ ಹೆಚ್ಚು ಹೊತ್ತು ಕಳೆಯುವವರು, ಕಡಿಮೆ ನೋಡುವವರಿಗಿಂತ, ಲೋಕವನ್ನು ಹೆಚ್ಚು ಕ್ರೂರವೆಂದೂ ಅಪರಿಚಿತರನ್ನು ನಂಬಲಾಗದವರೆಂದೂ ಭಾವಿಸುವ ಪ್ರವೃತ್ತಿಯನ್ನು ಅವರು 1970ರ ದಶಕದಲ್ಲಿ ಗುರುತಿಸಿದರು. ಹೆದರುವವರೇ ಮನೆಯಲ್ಲುಳಿದು ಹೆಚ್ಚು ಟಿವಿ ನೋಡುತ್ತಿರಬಹುದು ಎಂಬ ಟೀಕೆಯೂ ಇದೆ, ಅದರಲ್ಲಿ ಹುರುಳೂ ಇದೆ. ಆದರೂ ಅಮೆರಿಕದ ಇನ್ನೊಂದು ಅಂಕಿಅಂಶ ಗರ್ಬ್ನರ್ ಅವರ ಪರವಾಗಿ ನಿಲ್ಲುತ್ತದೆ. 1990ರ ದಶಕದ ಆರಂಭದಿಂದೀಚೆಗೆ ಅಲ್ಲಿ ಹಿಂಸಾತ್ಮಕ ಅಪರಾಧಗಳ ಪ್ರಮಾಣ ಬಹಳವಾಗಿ ಇಳಿದಿದ್ದರೂ, ಹೆಚ್ಚಿನ ವರ್ಷಗಳ ಸಮೀಕ್ಷೆಗಳಲ್ಲಿ ಬಹುಪಾಲು ಜನರು ದೇಶದಲ್ಲಿ ಅಪರಾಧ ಹೋದ ವರ್ಷಕ್ಕಿಂತ ಹೆಚ್ಚಾಗಿದೆ ಎಂದೇ ಹೇಳಿದ್ದಾರೆ. ಅದೇ ಜನರನ್ನು ‘ನಿಮ್ಮ ಸುತ್ತಮುತ್ತ?’ ಎಂದು ಕೇಳಿದರೆ ಹೌದೆನ್ನುವವರು ಕಡಿಮೆಯಾಗುತ್ತಾರೆ. ನೆರೆಹೊರೆಯನ್ನು ಕಣ್ಣಿನಿಂದ ಅಳೆಯುತ್ತೇವೆ, ದೇಶವನ್ನು ಸುದ್ದಿಯಿಂದ.

ತಾಯಿಯವರಿಗೆ ಅಂಕಿಅಂಶ ತೋರಿಸಿ ವಾದಿಸುವುದರಿಂದ ಹೆಚ್ಚು ಪ್ರಯೋಜನವಾಗಲಾರದು. ‘ನಮ್ಮ ಬೀದಿಯಲ್ಲಿ ಈ ವರ್ಷ ಏನಾಯಿತು?’ ಎಂದು ಅವರನ್ನೇ ಕೇಳಿ.

ಪ್ರಶ್ನೆ: ಒಂದೇ ಘಟನೆಯನ್ನು ಎರಡು ಪತ್ರಿಕೆಗಳು ಎರಡು ರೀತಿ ಬರೆದರೆ ಒಂದು ಸುಳ್ಳು ಹೇಳುತ್ತಿದೆ ಎಂದಲ್ಲವೇ?

ಉತ್ತರ: ಆಗಬೇಕಿಲ್ಲ. ಪ್ರತಿಭಟನೆಯೊಂದರಲ್ಲಿ ಗೋಲಿಬಾರ್ ನಡೆದು ಇಬ್ಬರು ತೀರಿಕೊಂಡರು ಎಂದುಕೊಳ್ಳಿ. ಒಂದು ಪತ್ರಿಕೆ ‘ಪೊಲೀಸರ ಗುಂಡಿಗೆ ಇಬ್ಬರು ಬಲಿ’ ಎನ್ನುತ್ತದೆ. ಇನ್ನೊಂದು ‘ಹಿಂಸೆಗೆ ತಿರುಗಿದ ಪ್ರತಿಭಟನೆ: ಇಬ್ಬರ ಸಾವು’ ಎನ್ನುತ್ತದೆ. ಎರಡರಲ್ಲೂ ಸುಳ್ಳಿಲ್ಲ. ಮೊದಲನೆಯದರಲ್ಲಿ ಗುಂಡು ಯಾರದೆಂದು ಗೊತ್ತಾಗುತ್ತದೆ, ಆದರೆ ಅದಕ್ಕೆ ಮೊದಲು ಏನು ನಡೆಯಿತೆಂದು ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ಗುಂಡೂ ಇಲ್ಲ, ಹಾರಿಸಿದವರೂ ಇಲ್ಲ; ಪ್ರತಿಭಟನೆ ತಾನಾಗಿಯೇ ತಿರುಗಿತು, ಸಾವು ತಾನಾಗಿಯೇ ಬಂತು. ತಲೆಬರಹ ಮಾತ್ರ ಓದಿ ಪುಟ ತಿರುವುವವನ ಮನಸ್ಸಿನಲ್ಲಿ ಹೊಣೆಗಾರ ಯಾರೆಂಬ ಪ್ರಶ್ನೆಗೆ ಆಗಲೇ ಉತ್ತರ ಸಿದ್ಧವಾಗಿರುತ್ತದೆ.

ಹೇಳುವ ರೀತಿ ಬದಲಾದರೆ ತೀರ್ಮಾನವೇ ತಿರುಗುತ್ತದೆ ಎಂಬುದಕ್ಕೆ ಟ್ವರ್ಸ್ಕಿ ಮತ್ತು ಕಾನೆಮನ್ ಅವರ 1981ರ ಪ್ರಯೋಗ ಪ್ರಸಿದ್ಧವಾಗಿದೆ. ರೋಗವೊಂದರಿಂದ 600 ಜನ ಸಾಯುವ ಸಂಭವವಿದೆ ಎಂಬ ಕಲ್ಪಿತ ಸನ್ನಿವೇಶದಲ್ಲಿ ‘200 ಜನ ಖಚಿತವಾಗಿ ಬದುಕುತ್ತಾರೆ’ ಎಂದು ವರ್ಣಿಸಿದ ಯೋಜನೆಯನ್ನು ಶೇ 72ರಷ್ಟು ಜನ ಆರಿಸಿಕೊಂಡರು; ಅದೇ ಯೋಜನೆಯನ್ನು ‘400 ಜನ ಸಾಯುತ್ತಾರೆ’ ಎಂದು ವರ್ಣಿಸಿದಾಗ ಆರಿಸಿದವರು ಶೇ 22ರಷ್ಟು ಮಾತ್ರ. ಉಳಿದವರು ಅದೃಷ್ಟ ಪರೀಕ್ಷೆಯಂಥ ಪರ್ಯಾಯ ಯೋಜನೆಯ ಕಡೆ ಹೋದರು.

ಆದರೆ ವಾಲಿದ ತಲೆಬರಹಗಳಿಗಿಂತ ಹೆಚ್ಚು ಯೋಚಿಸಬೇಕಾದದ್ದು ಒಳ್ಳೆಯ ಉದ್ದೇಶದಿಂದಲೇ ಬರೆದ ವರದಿಗಳ ಬಗ್ಗೆ ಎಂದು ನನಗನ್ನಿಸುತ್ತದೆ. ಬಡತನದ ಬಗ್ಗೆ ಬರೆಯುವ ವರದಿಗಾರರು ಸಾಮಾನ್ಯವಾಗಿ ಒಂದು ಕುಟುಂಬವನ್ನು ಹುಡುಕಿ, ಅವರ ಮನೆಯ ಚಿತ್ರ, ಅವರ ಮಾತು, ಅವರ ಕಣ್ಣೀರನ್ನು ಮುಂದಿಡುತ್ತಾರೆ, ಓದುಗರ ಮನಸ್ಸು ಕರಗಲಿ ಎಂದು. 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಯ್ಯಂಗಾರ್ ಕಂಡುಕೊಂಡದ್ದು ಇದಕ್ಕೆ ವಿರುದ್ಧವಾದ ಫಲವನ್ನು: ಹೀಗೆ ಒಬ್ಬ ವ್ಯಕ್ತಿಯ ಕಥೆಯಾಗಿ ಬಡತನವನ್ನು ನೋಡಿದವರು ಅದಕ್ಕೆ ಆ ವ್ಯಕ್ತಿಯೇ ಕಾರಣ ಎನ್ನುವ ಕಡೆಗೂ, ಉದ್ಯೋಗ, ನೀತಿ, ಅಂಕಿಅಂಶಗಳ ಹಿನ್ನೆಲೆಯಲ್ಲಿ ನೋಡಿದವರು ಸಮಾಜ ಮತ್ತು ಸರ್ಕಾರದ ಹೊಣೆಯ ಕಡೆಗೂ ವಾಲಿದರು. ಮುಖವೊಂದು ಕಣ್ಣೆದುರಿಗೆ ಬಂದೊಡನೆ ‘ಇವರು ಏನು ಮಾಡಬಹುದಿತ್ತು’ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಕನಿಕರವೂ ಆರೋಪವೂ ಜೊತೆಯಲ್ಲೇ ಇರಬಲ್ಲವು.

ಪ್ರಶ್ನೆ: ಒಬ್ಬರ ಮೇಲೆ ಬಂದ ಆರೋಪ ಸುಳ್ಳೆಂದು ಗೊತ್ತಾಗಿ ವಾಹಿನಿಯೇ ಸ್ಪಷ್ಟೀಕರಣ ಕೊಟ್ಟ ಮೇಲೂ ಜನ ಅದನ್ನೇ ಆಡಿಕೊಳ್ಳುತ್ತಾರೆ. ಇದು ಬರೀ ಹಟವೇ?

ಉತ್ತರ: ಹಟವೂ ಇರಬಹುದು, ಆದರೆ ಹಟವಿಲ್ಲದಲ್ಲಿಯೂ ಇದು ನಡೆಯುತ್ತದೆ. ಹೋಲಿನ್ ಜಾನ್ಸನ್ ಮತ್ತು ಕೊಲೀನ್ ಸೈಫರ್ಟ್ 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಗೋದಾಮಿಗೆ ಬೆಂಕಿ ಬಿದ್ದ ಕಲ್ಪಿತ ಸುದ್ದಿಯೊಂದನ್ನು ತುಣುಕು ತುಣುಕಾಗಿ ಓದಲು ಕೊಟ್ಟರು. ಒಂದು ತುಣುಕಿನಲ್ಲಿ, ಸಣ್ಣ ಕೋಣೆಯೊಂದರಲ್ಲಿ ಎಣ್ಣೆ ಬಣ್ಣದ ಡಬ್ಬಗಳನ್ನೂ ಗ್ಯಾಸ್ ಸಿಲಿಂಡರ್‌ಗಳನ್ನೂ ಇಡಲಾಗಿತ್ತು ಎಂದಿತ್ತು. ಮುಂದಿನ ತುಣುಕೊಂದರಲ್ಲಿ, ಹಿಂದಿನ ಮಾಹಿತಿ ತಪ್ಪು, ಆ ಕೋಣೆ ಖಾಲಿಯಿತ್ತು ಎಂಬ ತಿದ್ದುಪಡಿ ಬಂತು. ಕೊನೆಗೆ ಸ್ಫೋಟಕ್ಕೆ ಕಾರಣವೇನಿರಬಹುದು, ವಿಮೆಯ ಹಣ ಸಿಗದೇ ಹೋದರೆ ಏಕೆ ಎಂಬಂಥ ಪ್ರಶ್ನೆಗಳನ್ನು ಕೇಳಿದಾಗ ಎಷ್ಟೋ ಜನ ಬಣ್ಣದ ಡಬ್ಬ, ಸಿಲಿಂಡರ್, ಮಾಲೀಕರ ಅಜಾಗರೂಕತೆ ಎಂದೇ ಉತ್ತರಿಸಿದರು. ತಿದ್ದುಪಡಿ ಓದಿದ ನೆನಪು ಅವರಿಗಿತ್ತು. ಯಾರ ಪರವೂ ವಿರೋಧವೂ ಇರಲಿಲ್ಲ, ಗೋದಾಮಿಗೆ ಪಕ್ಷವೆಲ್ಲಿದೆ?

ಕಾರಣವಿಲ್ಲದ ಕಥೆಯನ್ನು ಮನಸ್ಸು ಸಹಿಸುವುದಿಲ್ಲ. ಬಣ್ಣದ ಡಬ್ಬವನ್ನು ಕಥೆಯಿಂದ ಕಿತ್ತರೆ ಅಲ್ಲೊಂದು ತೆರಪು ಉಳಿಯುತ್ತದೆ, ಅದನ್ನು ತುಂಬಲು ಬೇರೇನೂ ಇಲ್ಲದಿದ್ದರೆ ಹಳೆಯದೇ ಮರಳಿ ಬಂದು ಕೂರುತ್ತದೆ. ಅದೇ ಸಂಶೋಧಕರು, ಯಾರೋ ಬೇಕೆಂದೇ ಬೆಂಕಿ ಹಚ್ಚಿದ ಸುಳಿವು ಸಿಕ್ಕಿದೆ ಎಂಬ ಬದಲಿ ಕಾರಣವನ್ನು ಕೊಟ್ಟಾಗ ಹಳೆಯ ಮಾಹಿತಿಯ ಪ್ರಭಾವ ಗಮನಾರ್ಹವಾಗಿ ಇಳಿಯಿತು. ‘ಹಿಂದಿನ ವರದಿ ತಪ್ಪಾಗಿತ್ತು, ವಿಷಾದಿಸುತ್ತೇವೆ’ ಎಂಬ ಎರಡು ಸಾಲಿನ ಸ್ಪಷ್ಟೀಕರಣ ಸೋಲುವುದು ಇಲ್ಲಿಯೇ. ನಿಜವಾಗಿ ನಡೆದದ್ದೇನು ಎಂಬುದನ್ನು ಅಷ್ಟೇ ಎದ್ದುಕಾಣುವಂತೆ ಹೇಳದ ತಿದ್ದುಪಡಿ ವಕೀಲರ ಕಡತಕ್ಕೆ ಸಾಕಾಗಬಹುದು, ಓದುಗರ ಮನಸ್ಸಿಗೆ ಸಾಲದು.

ಪ್ರಶ್ನಾರ್ಥಕ ಚಿಹ್ನೆಯ ತಲೆಬರಹಗಳನ್ನೂ ಇಲ್ಲಿಯೇ ಹೇಳಿಬಿಡಬೇಕು. ‘ಇವರು ಲಂಚ ಪಡೆದರೇ?’ ಎಂದು ಕೇಳಿದ ವಾಹಿನಿ, ನಾವು ಆರೋಪ ಮಾಡಲೇ ಇಲ್ಲ, ಕೇಳಿದೆವಷ್ಟೇ ಎಂದು ಜಾರಿಕೊಳ್ಳುತ್ತದೆ. ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1981ರಲ್ಲಿಯೇ ಇದನ್ನು ಪರೀಕ್ಷಿಸಿದ್ದರು: ವ್ಯಕ್ತಿಯೊಬ್ಬನ ಬಗ್ಗೆ ಪ್ರಶ್ನೆಯ ರೂಪದಲ್ಲಿ ಬಂದ ತಲೆಬರಹ, ನೇರ ಆರೋಪದ ತಲೆಬರಹದಷ್ಟೇ ಎನ್ನಬಹುದಾದ ಮಟ್ಟಿಗೆ ಆತನ ಬಗ್ಗೆ ಕೆಟ್ಟ ಭಾವನೆ ಹುಟ್ಟಿಸಿತ್ತು. ಪುನರಾವರ್ತನೆ ಅದಕ್ಕೆ ಜೊತೆಗೂಡುತ್ತದೆ. ಮತ್ತೆ ಮತ್ತೆ ಕೇಳಿದ ಹೇಳಿಕೆ ಹೆಚ್ಚು ನಿಜವೆಂದು ತೋರುತ್ತದೆ ಎಂಬುದು 1977ರಿಂದ ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಸರಿಯಾದ ಉತ್ತರ ಮೊದಲೇ ಗೊತ್ತಿರುವವರೂ ಇದರಿಂದ ಪೂರ್ತಿ ಪಾರಾಗುವುದಿಲ್ಲ ಎಂದು ಲೀಸಾ ಫಾಜಿಯೊ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಪರದೆಯ ಕೆಳಗೆ ಇಡೀ ಸಂಜೆ ಓಡುವ ಒಂದೇ ಸಾಲು ಏನು ಮಾಡುತ್ತದೆಂದು ಇದರಿಂದ ಊಹಿಸಬಹುದು.

ಪ್ರಶ್ನೆ: ನಮ್ಮ ಭಾವನಿಗೆ ಎಲ್ಲ ವಾಹಿನಿಗಳೂ ಅವರ ಪಕ್ಷದ ವಿರುದ್ಧವೇ ಇವೆ ಎಂದು ಕಾಣುತ್ತದೆ. ನನಗೆ ಅವೇ ವಾಹಿನಿಗಳು ಅವರ ಪಕ್ಷದ ಪರವಾಗಿ ಕಾಣುತ್ತವೆ. ಯಾರಿಗೆ ಕನ್ನಡಕ ಬೇಕು?

ಉತ್ತರ: ಇಬ್ಬರಿಗೂ. 1982ರಲ್ಲಿ ಲೆಬನಾನ್‌ನ ಬೈರೂತ್‌ನಲ್ಲಿ, ಇಸ್ರೇಲ್ ಸೇನೆ ನಗರದಲ್ಲಿದ್ದಾಗಲೇ, ಪ್ಯಾಲೆಸ್ಟೀನ್ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡದ ಟಿವಿ ವರದಿಗಳನ್ನು ರಾಬರ್ಟ್ ವಲೋನ್, ಲೀ ರಾಸ್ ಮತ್ತು ಮಾರ್ಕ್ ಲೆಪ್ಪರ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 144 ವಿದ್ಯಾರ್ಥಿಗಳಿಗೆ ತೋರಿಸಿದರು. ಇಸ್ರೇಲ್ ಪರ ಒಲವಿದ್ದವರು ಅವುಗಳನ್ನು ಇಸ್ರೇಲ್ ವಿರೋಧಿ ಎಂದರು, ಅರಬರ ಪರ ಇದ್ದವರು ಅರಬ್ ವಿರೋಧಿ ಎಂದರು. ಇಬ್ಬರೂ ನೋಡಿದ್ದು ಒಂದೇ ತುಣುಕುಗಳನ್ನು. ತಟಸ್ಥರು ಇದನ್ನು ನೋಡಿದರೆ ನಮ್ಮ ವಿರುದ್ಧ ತಿರುಗುತ್ತಾರೆ ಎಂದೂ ಎರಡೂ ಬಣಗಳು ಭಾವಿಸಿದ್ದವು. 1985ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ವಿಷಯದ ಬಗ್ಗೆ ಹೆಚ್ಚು ತಿಳಿದವರೇ ಹೆಚ್ಚು ಪಕ್ಷಪಾತ ಕಂಡರು ಎಂಬುದು ಓದುಗ ವರ್ಗದ ಅಭಿಮಾನಕ್ಕೆ ತುಸು ಚುಚ್ಚುವ ಸಂಗತಿ.

ಇದರರ್ಥ ಪಕ್ಷಪಾತಿ ವಾಹಿನಿಗಳೇ ಇಲ್ಲ ಎಂದಲ್ಲ. ಅವು ಧಾರಾಳವಾಗಿ ಇವೆ. ಆದರೆ ‘ನನಗೆ ಪಕ್ಷಪಾತ ಕಂಡಿತು’ ಎಂಬುದೊಂದೇ ಸಾಕ್ಷಿಯಾಗಲಾರದು. ಯಾವ ಪ್ರಶ್ನೆಯನ್ನು ಯಾರಿಗೆ ಕೇಳಲಿಲ್ಲ, ಯಾರ ಮಾತಿಗೆ ಎಷ್ಟು ನಿಮಿಷ ಸಿಕ್ಕಿತು ಎಂಬಂಥ ಎಣಿಸಬಹುದಾದ ಸಂಗತಿಗಳನ್ನು ಭಾವನೊಡನೆ ಕುಳಿತು ಎಣಿಸಿದರೆ ವಾದ ಕೊಂಚ ತಣ್ಣಗಾಗಬಹುದು.

ಆರಂಭದಲ್ಲಿ ಹೇಳಿದ, ‘ಜನ ಮರುಳಾಗುತ್ತಾರೆ, ನಾನಲ್ಲ’ ಎಂಬ ಪತ್ರಗಳ ವಿವರಣೆಯೂ ಇದಕ್ಕೆ ಸೇರಿದ್ದೇ. ಸಂದೇಶವೊಂದು ತಮಗಿಂತ ಇತರರ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ ಎಂದು ಜನ ನಂಬುವುದನ್ನು ಫಿಲಿಪ್ಸ್ ಡೇವಿಸನ್ 1983ರಲ್ಲಿ ‘ಮೂರನೆಯ ವ್ಯಕ್ತಿಯ ಪರಿಣಾಮ’ ಎಂದು ಕರೆದರು. ಈ ನಂಬಿಕೆ ನಿರುಪದ್ರವಿಯಲ್ಲ. ಇತರರನ್ನು ಕಾಪಾಡುವ ಹೆಸರಿನಲ್ಲಿ ಸುದ್ದಿಯ ಮೇಲೆ ನಿರ್ಬಂಧ ಬೇಕೆನ್ನುವ ಬೇಡಿಕೆ ಎಷ್ಟೋ ಸಲ ಹುಟ್ಟುವುದು ಇಲ್ಲಿಂದಲೇ.

ಪ್ರಶ್ನೆ: ಒಳ್ಳೆಯ ಸುದ್ದಿಗಳು ಏಕೆ ಮುಖಪುಟಕ್ಕೆ ಬರುವುದಿಲ್ಲ?

ಉತ್ತರ: ಬಂದರೂ ನಾವು ಓದುವುದು ಕಡಿಮೆ. 17 ದೇಶಗಳ ವೀಕ್ಷಕರ ಶಾರೀರಿಕ ಪ್ರತಿಕ್ರಿಯೆಗಳನ್ನು ಅಳೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸರಾಸರಿಯಾಗಿ ಕೆಟ್ಟ ಸುದ್ದಿಗೇ ದೇಹ ಹೆಚ್ಚು ಎಚ್ಚೆತ್ತಿತ್ತು. ಒಂದು ಜಾಲತಾಣದ ಲಕ್ಷಕ್ಕೂ ಹೆಚ್ಚು ತಲೆಬರಹ ಮಾದರಿಗಳನ್ನು ಪರಿಶೀಲಿಸಿದ 2023ರ ಇನ್ನೊಂದು ಅಧ್ಯಯನ, ಸಾಧಾರಣ ಉದ್ದದ ತಲೆಬರಹಕ್ಕೆ ಸೇರಿದ ಪ್ರತಿಯೊಂದು ನಕಾರಾತ್ಮಕ ಪದವೂ ಕ್ಲಿಕ್ಕುಗಳ ಪ್ರಮಾಣವನ್ನು ಶೇ 2.3ರಷ್ಟು ಹೆಚ್ಚಿಸಿತ್ತು ಎಂದು ಹೇಳುತ್ತದೆ. ಸಂಪಾದಕರನ್ನು ಬೈಯುವಾಗ ಈ ಪಾಲನ್ನು ನಮ್ಮ ಲೆಕ್ಕಕ್ಕೂ ಬರೆದುಕೊಳ್ಳಬೇಕು.

ಪ್ರಶ್ನೆ: ಹಾಗಾದರೆ ಸುದ್ದಿ ನೋಡುವುದನ್ನೇ ಬಿಡುವುದು ಒಳ್ಳೆಯದೇ? ಅಥವಾ ಎದುರು ಪಕ್ಷದ ವಾಹಿನಿಯನ್ನೂ ನೋಡಬೇಕೇ?

ಉತ್ತರ: ಎರಡನೆಯದನ್ನು ಮೊದಲು ನೋಡೋಣ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ 2020ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಬಲಪಂಥೀಯ ಒಲವಿನ ಫಾಕ್ಸ್ ನ್ಯೂಸ್ ವಾಹಿನಿಯ ಕಾಯಂ ವೀಕ್ಷಕರಲ್ಲಿ ಕೆಲವರಿಗೆ ಗಂಟೆಗೆ 15 ಡಾಲರ್ ಕೊಟ್ಟು, ಅವರಿಗೆ ಎದುರು ಪಕ್ಷದ್ದೆಂದು ಕಾಣುವ ಸಿಎನ್‌ಎನ್ ವಾಹಿನಿಯನ್ನು ನೋಡಿಸಿದರು. ತಿಂಗಳ ಕೊನೆಗೆ ಅವರಿಗೆ ಗೊತ್ತಿದ್ದ ಸಂಗತಿಗಳು ಬದಲಾಗಿದ್ದವು, ಕೆಲವು ಅಭಿಪ್ರಾಯಗಳೂ ಬದಲಾಗಿದ್ದವು. ತಮ್ಮ ಹಳೆಯ ವಾಹಿನಿ ತನ್ನ ಪಕ್ಷಕ್ಕೆ ಅಹಿತವಾದ ಸುದ್ದಿಯನ್ನು ತೋರಿಸದೇ ಇರಬಹುದು ಎಂಬ ಅನುಮಾನವೂ ಮೂಡಿತ್ತು. ಹಣ ನಿಂತ ಮೇಲೆ ಬಹುತೇಕರು ಹಳೆಯ ವಾಹಿನಿಗೇ ಮರಳಿದರು, ಪರಿಣಾಮಗಳೂ ಬಹುಪಾಲು ಕರಗಿದವು. ಎದುರಿನ ವಾಹಿನಿಯನ್ನು ಒಂದು ವಾರ ವ್ರತದಂತೆ ನೋಡಿ ಬಿಡುವುದರಿಂದ ಹೆಚ್ಚೇನೂ ಆಗದು ಎಂದು ಇದರಿಂದ ತಿಳಿಯಬಹುದು. ಆದರೆ ಅಲ್ಲಿ ಏನು ಸುದ್ದಿಯಾಯಿತು, ಇಲ್ಲಿ ಏನು ಆಗಲಿಲ್ಲ ಎಂದು ಆಗಾಗ ಹೋಲಿಸುವುದು ಉಪಯುಕ್ತವೇ, ಏಕೆಂದರೆ ಬಿಟ್ಟದ್ದು ಏನೆಂಬುದು ಒಂದೇ ವಾಹಿನಿ ನೋಡುವವರಿಗೆ ಎಂದೂ ಕಾಣುವುದಿಲ್ಲ.

ಪೂರ್ತಿ ಬಿಡುವುದಕ್ಕೂ ಬೆಲೆಯಿದೆ. 2018ರ ಅಮೆರಿಕದ ಮಧ್ಯಂತರ ಚುನಾವಣೆಗೆ ಮುನ್ನ ನಾಲ್ಕು ವಾರ ಫೇಸ್‌ಬುಕ್ ಖಾತೆಯನ್ನು ನಿಷ್ಕ್ರಿಯಗೊಳಿಸಿದವರಲ್ಲಿ ನೆಮ್ಮದಿ ಸ್ವಲ್ಪ ಹೆಚ್ಚಿತು, ರಾಜಕೀಯ ಧ್ರುವೀಕರಣ ಕಡಿಮೆಯಾಯಿತು, ಜೊತೆಗೆ ಆ ದಿನಗಳ ಸುದ್ದಿಯ ಬಗೆಗಿನ ತಿಳಿವಳಿಕೆಯೂ ಕುಸಿಯಿತು. ಏನಾದರೂ ಬಿಡಲೇಬೇಕೆಂದಿದ್ದರೆ, ಮೊದಲು ಫೋನಿನ ಸುದ್ದಿ ನೋಟಿಫಿಕೇಶನ್‌ಗಳನ್ನೂ ಘಟನೆ ನಡೆದ ಮೊದಲ ಗಂಟೆಗಳ ನೇರಪ್ರಸಾರವನ್ನೂ ಬಿಡಿ ಎನ್ನುತ್ತೇನೆ. ಆಮೇಲೆ ತಿದ್ದಬೇಕಾಗಿ ಬರುವ ‘ಬಣ್ಣದ ಡಬ್ಬ’ಗಳು ಹೆಚ್ಚಾಗಿ ಒಳಗೆ ಬರುವುದು ಆ ಹೊತ್ತಿನಲ್ಲಿ, ಮರುದಿನದ ಪತ್ರಿಕೆಗೆ ಅವುಗಳಲ್ಲಿ ಕೆಲವಾದರೂ ಸೋಸಿಹೋಗಿರುತ್ತವೆ.